ಚಂದ್ರಿಕೆಯ ಮೇಲೆ ಒಣಗಿದ ಕುಂಬಳ ಬೀಜ

ನಮ್ಮ ತಂದೆ ಚಿಕ್ಕಬಳ್ಳಾಪುರದಲ್ಲಿ ಮೇಷ್ಟರಾಗಿದ್ದರು. ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಹೊತ್ತು, ಒಂದು ಜಾಗ. ತೊಗರಿಬೇಳೆಯ ಡಬ್ಬಿಯ ಜಾಗದಲ್ಲಿ ಕಡಲೆಬೇಳೆಯ ಡಬ್ಬಿ ಕೂತರೆ ಊಟಕ್ಕೆ ಮೊದಲು ವಿಚಾರಣೆ ನಡೆಯುತ್ತಿತ್ತು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಮಂಡಿಕಲ್ ಕಡೆಯ ಬೇಸಾಯದ ಮನೆಗೆ ಬಂದೆ. ಈ ಅಭ್ಯಾಸವೂ ಟ್ರಂಕಿನ ಜೊತೆಗೇ ಬಂತು. ಅತ್ತೆಯವರು ನಗುತ್ತಿದ್ದರು, ಬೇಡ ಎನ್ನುತ್ತಿರಲಿಲ್ಲ.

ಅತ್ತೆಯವರಿಗೆ ಹೆಸರು ತಂದಿದ್ದು ಸಿಹಿಕುಂಬಳ. ಹಿತ್ತಲಿನ ತಿಪ್ಪೆಯ ಪಕ್ಕ ಅವರು ಬೆಳೆಯುತ್ತಿದ್ದ ಕಾಯನ್ನು ಒಬ್ಬರೇ ಎತ್ತಲು ಆಗುತ್ತಿರಲಿಲ್ಲ. ಬೀಜ ಅವರ ತವರಿನದು. ಆ ವರ್ಷ ವೈಶಾಖದಲ್ಲಿ ನನ್ನ ನಾದಿನಿಗೆ ಗೌರಿಬಿದನೂರು ಸೀಮೆಯ ಒಂದು ಮನೆಗೆ ಸಂಬಂಧ ಕೂಡಿತು. ನಿಶ್ಚಿತಾರ್ಥದ ಊಟದಲ್ಲಿ ಗಂಡಿನ ದೊಡ್ಡಪ್ಪ ಹುಳಿಯಲ್ಲಿದ್ದ ಕುಂಬಳದ ಹೋಳನ್ನು ಬೆರಳಲ್ಲಿ ಎತ್ತಿ ನೋಡಿ, ಹೋಳು ಇಷ್ಟು ಸಣ್ಣ ಇದ್ದಮೇಲೆ ನಿಮ್ಮ ಕಡೆ ಕಾಯೂ ಸಣ್ಣವೇ ಇರಬೇಕು ಅಂದರು. ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದುಕೊಂಡೇ ಹೇಳಿದರು:

"ಮದುವೆಗೆ ನಿಮ್ಮ ದಿಬ್ಬಣ ಪೂರ್ತಿ ಕರ್ಕೊಂಡು ಬನ್ನಿ ಬೀಗ್ರೇ. ಒಂದೇ ಕಾಯಲ್ಲಿ ಎಲ್ಲಾರ್ಗೂ ಹುಳಿ ಬಡಿಸ್ತೀನಿ. ಎರಡ್ನೇ ಕಾಯಿ ಒಡೆದ್ರೆ ಕೇಳಿ."

ಪಂಕ್ತಿಯವರೆಲ್ಲ ನಕ್ಕರು. ಮಾವನವರು ಮಾತ್ರ ನಗಲಿಲ್ಲ. ದಿಬ್ಬಣ ಅಂದರೆ ಎಷ್ಟು ಜನ ಅಂತ ಅವರಿಗೆ ಅಂದಾಜಿತ್ತು. ಮದುವೆ ಕಾರ್ತಿಕದಲ್ಲಿ. ಮುಂಗಾರಿನ ಮೊದಲ ಹದಕ್ಕೆ ಬೀಜ ಬಿದ್ದರೆ ಮಾತ್ರ ಅಷ್ಟರೊಳಗೆ ಕಾಯಿ ಬಲಿಯುತ್ತದೆ. ಹಾಗಾಗಿ ಬೀಜ ತಪ್ಪಿದರೆ ಇನ್ನೊಮ್ಮೆ ಹಾಕಿ ನೋಡುವಂತಿರಲಿಲ್ಲ. ತಪ್ಪಿದರೆ ಅತ್ತೆಯ ಮಾತು ಬೀಗರ ಮುಂದೆ ಬಿದ್ದುಹೋಗುತ್ತದೆ, ಆ ನಗೆಯನ್ನು ನಾದಿನಿ ಆ ಮನೆಯಲ್ಲಿ ಬಾಳುವಷ್ಟು ಕಾಲ ಕೇಳಬೇಕಾಗುತ್ತದೆ.

ಅಟ್ಟದಲ್ಲಿ ಹಿಂದಿನ ಬೆಳೆಯ ಮೂರು ಕಾಯಿ ಉಳಿದಿದ್ದವು. ಒಂದು ತವರಿನ ತಳಿಯ ದೊಡ್ಡದು, ಒಂದು ಪಲ್ಯಕ್ಕೆ ಸಿಹಿಯಾದ ಸಣ್ಣದು, ಒಂದು ಪಕ್ಕದ ಮನೆಯವರು ಕೊಟ್ಟದ್ದು. ಇಡೀ ಕುಂಬಳವನ್ನು ಹೆಂಗಸರು ಒಡೆಯಬಾರದು ಎಂಬ ಪದ್ಧತಿ. ನಮ್ಮ ಯಜಮಾನರನ್ನು ಹೊಲದಿಂದ ಕರೆಸಿ ಮೂರನ್ನೂ ಒಡೆಸಿದೆವು. ಬೀಜ ತೊಳೆದು, ಬೂದಿ ಸವರಿ, ನೆರಳಲ್ಲಿ ಒಣಗಿಸಬೇಕು. ಹಪ್ಪಳ ಒಣಗಿಸಲೆಂದು ಅತ್ತೆ ಶಿಡ್ಲಘಟ್ಟದ ತಂಗಿಯ ಮನೆಯಿಂದ ಒಂದು ಚಂದ್ರಿಕೆ ತಂದಿಟ್ಟುಕೊಂಡಿದ್ದರು. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ ಅದು. ಅದರ ಮೇಲೆ ಬಿದಿರ ಪಟ್ಟಿ ಚಕ್ಕುಲಿಯಂತೆ ಸುತ್ತು ಸುತ್ತಾಗಿ ನಿಂತಿರುತ್ತದೆ. ನನಗೆ ಅದು ಡಬ್ಬಿಗಳ ಸಾಲಿನಂತೆಯೇ ಕಂಡಿತು. ಹೊರಸುತ್ತಿಗೆ ದೊಡ್ಡ ಕಾಯಿಯ ಬೀಜ, ನಡುವೆ ಪಕ್ಕದ ಮನೆಯದು, ಒಳಸುತ್ತಿಗೆ ಸಣ್ಣದರದು. ಜಗಲಿಯ ನೆರಳಲ್ಲಿ ಮಲಗಿಸಿಟ್ಟೆ. ಮಾವನವರು ನಿಂತು ನೋಡಿ, ಮೇಷ್ಟರ ಮಗಳು ಬೀಜಕ್ಕೂ ಕ್ಲಾಸು ಮಾಡಿಬಿಟ್ಟಳು ಅಂದರು.

ಬೀಜ ಗಲಗಲ ಎನ್ನುವಷ್ಟು ಒಣಗಿದ ದಿನ ನಾನೂ ಅತ್ತೆಯೂ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದೆವು. ಬರುವಷ್ಟರಲ್ಲಿ ಶಿಡ್ಲಘಟ್ಟದ ಚಿಕ್ಕತ್ತೆ ಬಸ್ಸಿಳಿದು ಬಂದು ಜಗಲಿಯಲ್ಲಿ ಕೂತಿದ್ದರು. ಅವರ ಮನೆಯಲ್ಲಿ ಹುಳು ಒಮ್ಮೆಗೇ ಹಣ್ಣಾಗಿ, ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆ ಸಾಲದೆ ಹೋಗಿತ್ತು; ಕೊಟ್ಟದ್ದನ್ನು ವಾಪಸು ಒಯ್ಯಲು ಬಂದಿದ್ದರು. ಹುಳು ಸಾಕುವವರ ಕೈಗೆ ಚಂದ್ರಿಕೆ ಸಿಕ್ಕರೆ ಅವರು ಮೊದಲು ಮಾಡುವ ಕೆಲಸ ಒಂದೇ: ಬೋರಲು ಹಾಕಿ ಬಡಿದು, ಕಸ ಉದುರಿಸಿ, ಒರೆಸುವುದು. ಚಿಕ್ಕತ್ತೆ ಅದನ್ನು ಮಾಡಿ ಮುಗಿಸಿದ್ದರು. ಮೂರು ಕಾಯಿಯ ಬೀಜವೂ ಮೊರದಲ್ಲಿ ಒಂದೇ ಗುಡ್ಡೆಯಾಗಿತ್ತು.

ಅತ್ತೆ ಒದ್ದೆ ಬಟ್ಟೆಯ ಬುಟ್ಟಿ ಇಳಿಸಿದರು. ಆಮೇಲೆ ಬೀಗರ ಮಾತು, ತಮ್ಮ ಮಾತು ಎರಡನ್ನೂ ತಂಗಿಗೆ ವಿವರಿಸಿದರು. ಚಿಕ್ಕತ್ತೆಗೆ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ.

"ಪೋನೀ ಬಿಡಕ್ಕ. ಒಂದು ಬೀಜ ಉದುರಲಿಲ್ಲ ಆಚೆ, ಎಲ್ಲಾ ಮೊರದಲ್ಲೇ ಐತೆ. ಬೇಕಾದ್ದು ಆರಿಸ್ಕೋ."

"ಆರಿಸ್ಕೋ ಅಂತೀಯ. ಯಾವ್ದು ಯಾವ್ದು ಅಂತ ಅದರ ಹಣೇಲಿ ಬರ್ದೈತೇನೇ?"

ಬೇಗ ಆರಿಸಬೇಕಿತ್ತು, ಮೋಡ ಆಗಲೇ ಕಟ್ಟುತ್ತಿತ್ತು. ಬೀಜವನ್ನೆಲ್ಲ ನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆದೆವು. ಅಲ್ಲಿವರೆಗೆ ಎಲ್ಲರದೂ ಒಂದೇ ಮಾತು. ನಂತರ ನಾನು ಗಾತ್ರದ ಪ್ರಕಾರ ಸಾಲಿಟ್ಟೆ. ದೊಡ್ಡ ಕಾಯಿಗೆ ದೊಡ್ಡ ಬೀಜ ಎಂಬುದು ನನ್ನ ಲೆಕ್ಕ. ಅತ್ತೆ ಒಪ್ಪಲಿಲ್ಲ. ತವರಿನ ಬೀಜದ ಅಂಚು ದಪ್ಪ, ಉಗುರಿಗೆ ಸಿಕ್ಕುತ್ತದೆ ಎನ್ನುತ್ತಾ ಒಂದೊಂದನ್ನೇ ಉಗುರಲ್ಲಿ ಸವರಿ ನೋಡತೊಡಗಿದರು. ಅವರು ಎತ್ತಿಟ್ಟದ್ದು ನನ್ನ ಸಾಲಿನ ಕೊನೆಯಲ್ಲಿರುತ್ತಿತ್ತು. ನಾನು ಮೊದಲಿಗಿಟ್ಟದ್ದನ್ನು ಅವರು ಜೊಳ್ಳಿನ ಕಡೆಗೆ ತಳ್ಳುತ್ತಿದ್ದರು. ಮಾವನವರು ತೀರ್ಪು ಕೊಡಲು ಬಂದವರು, ಎರಡು ಬೀಜ ಬಾಯಿಗೆ ಹಾಕಿಕೊಂಡು ಎರಡೂ ರುಚಿಯಾಗಿವೆ ಅಂದು ಹೊರಟುಹೋದರು.

ಹಿತ್ತಲಲ್ಲಿ ಗೊಬ್ಬರ ತುಂಬಿದ ಗುಂಡಿ ಇದ್ದದ್ದು ಮೂರು. ಒಂದಕ್ಕೆ ಅತ್ತೆ ಆರಿಸಿದ ಬೀಜ, ಒಂದಕ್ಕೆ ನಾನು ಆರಿಸಿದ್ದು. ಮೂರನೆಯದಕ್ಕೆ, ತಪ್ಪು ಮಾಡಿದವಳೇ ತೆಗೆದುಕೊಡಲಿ ಎಂದು ಅತ್ತೆ ತಂಗಿಯ ಮುಂದೆ ಮೊರ ಹಿಡಿದರು. ಚಿಕ್ಕತ್ತೆಗೆ ಬಸ್ಸಿನ ಹೊತ್ತಾಗಿತ್ತು. ಕಣ್ಣು ಮುಚ್ಚಿ ಚಿಟಿಕೆಗೆ ಸಿಕ್ಕಿದ್ದನ್ನು ಕೊಟ್ಟು, ಚಂದ್ರಿಕೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟರು.

ಮಳೆ ಹದವಾಗಿ ಬಂತು. ಬಳ್ಳಿಗಳನ್ನು ನೋಡುವ ಕೆಲಸ ನನ್ನದಾಯಿತು: ಬೆಳಿಗ್ಗೆ ಕಾಫಿಗೆ ಮೊದಲು ನೀರು, ಸಂಜೆ ದೀಪಕ್ಕೆ ಮೊದಲು ಹುಳು ಆರಿಸುವುದು. ಬಳ್ಳಿಗೊಂದೇ ಕಾಯಿ ಬಿಟ್ಟು ಉಳಿದ ಪಿಂದೆಗಳನ್ನು ಅತ್ತೆ ಚಿವುಟಿದರು. ನನ್ನ ಬಳ್ಳಿಯ ಕಾಯಿ ತಂಬಿಗೆಯಷ್ಟಾಗಿ ಅಲ್ಲಿಗೇ ಹಣ್ಣಾಯಿತು. ಅದು ಪಲ್ಯದ ತಳಿ. ಅತ್ತೆಯ ಬಳ್ಳಿಯದು ಉದ್ದುದ್ದ ಬೆಳೆಯತೊಡಗಿದಾಗ ಪಕ್ಕದ ಮನೆಯವರು ಗೋಡೆಯಾಚೆಯಿಂದ, ಇದು ನಮ್ಮನೇದು ಅಂತ ಗುರುತು ಹಿಡಿದರು. ಮೂರನೆಯ ಗುಂಡಿಯ ಕಾಯಿ ನವರಾತ್ರಿಯ ಹೊತ್ತಿಗೆ ಹುಲ್ಲಿನ ಹಾಸಿಗೆಯ ಮೇಲೆ ಕರು ಮಲಗಿದಂತೆ ಮಲಗಿತ್ತು. ಅತ್ತೆ ದಿನವೂ ಅದರ ಬೆನ್ನು ತಟ್ಟಿ ಬರುತ್ತಿದ್ದರು.

ಮದುವೆಯ ದಿನ ಅದನ್ನು ಗೋಣಿಯಲ್ಲಿ ಕಟ್ಟಿ, ಕೋಲಿಗೆ ಹಾಕಿ ಹೊತ್ತು ತಂದರು. ಗಂಡಿನ ದೊಡ್ಡಪ್ಪ ಅಡುಗೆಯ ಚಪ್ಪರದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು, ಎರಡನೇ ಕಾಯಿ ಬರುತ್ತದೇನೋ ಎಂದು. ಬರಲಿಲ್ಲ. ಕೊನೆಯ ಪಂಕ್ತಿಗೂ ಹೋಳು ಬಿತ್ತು, ಈ ಸಲ ಬೇಕೆಂದೇ ದಪ್ಪಗೆ ಹೆಚ್ಚಿದ ಹೋಳು. ಅವರು ಕೈ ತೊಳೆದು ನೇರವಾಗಿ ಅತ್ತೆಯ ಹತ್ತಿರ ಬಂದು, ಬೀಜ ಹೇಗೆ ಆರಿಸಬೇಕು ಅಂತ ಕೇಳಿದರು.

ಅತ್ತೆ ಶಿಡ್ಲಘಟ್ಟದ ತಂಗಿಯ ಕಡೆ ಒಮ್ಮೆ ನೋಡಿದರು.

"ಕಣ್ಣು ಮುಚ್ಕೊಂಡು ಆರಿಸ್ಬೇಕು ಬೀಗ್ರೇ."

"ಹೇಳೋಕೆ ಇಷ್ಟ ಇಲ್ದಿದ್ರೆ ಬಿಡಿ ತಾಯಿ," ಎಂದರು ಅವರು, ನಿಜವಾಗಿಯೂ ಸ್ವಲ್ಪ ನೊಂದುಕೊಂಡು.

ಅತ್ತೆ ಮುಂದೆ ವಾದಿಸಲಿಲ್ಲ. ಮದುವೆಯ ನಂತರ ಮೊದಲ ಸಲ ತವರಿಗೆ ಬಂದು ಹೊರಟ ನಾದಿನಿಗೆ ಮಡಿಲಕ್ಕಿ ತುಂಬುವಾಗ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಬೂದಿ ಸವರಿದ ಬೀಜದ ಒಂದು ಗಂಟನ್ನೂ ಇಟ್ಟರು. ಈ ಸಲ ಬೀಜ ಒಂದೇ ಕಾಯಿಯದು, ಮದುವೆಯ ಕಾಯಿಯದು. ಒಣಗಿಸಿದ್ದು ಮಾಮೂಲಿ ಮೊರದಲ್ಲಿ.