ಅಣ್ಣ ಮುಚ್ಚಿದ ವಾಲ್ವ್

ಕಳೆದ ಮಂಗಳವಾರ ಬೆಳಿಗ್ಗೆ ವಿಜಯಪುರದ ಸ್ಟೇಷನ್ ರಸ್ತೆಯ ಹತ್ತಿರ, ಮುಚ್ಚಿಹೋಗಿದ್ದ ಐಸ್ ಕಾರ್ಖಾನೆಯೊಂದರ ಯಂತ್ರಗಳನ್ನು ಕಳಚಿದರು. ಕೊಳವೆಯಲ್ಲಿ ಉಳಿದಿದ್ದ ಅಮೋನಿಯಾ ಸ್ವಲ್ಪ ಹೊರಬಂತು. ಯಾರಿಗೂ ಅಪಾಯವಾಗಲಿಲ್ಲ. ಕಣ್ಣಿಗೆ ಚುಚ್ಚುವ ಆ ವಾಸನೆಗೆ ನನಗೆ ಎದುರುಮನೆಯ ಅಕ್ಕ ನೆನಪಾದರು.

ಜೋರಾಪುರ ಪೇಟೆಯಲ್ಲಿ ಅವರ ಮನೆ, ನಮ್ಮ ಮನೆ ಎದುರುಬದುರು. ದೂರದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಮರಳಿದ್ದರು. ಅಲ್ಲಿ ಅವರು ಬಾಂಬ್ ಮಾಡುತ್ತಿದ್ದರೆಂದೇ ಓಣಿಯವರು ನಂಬಿದ್ದರು. ಅವರು ಮಾಡುತ್ತಿದ್ದದ್ದು ಮನುಷ್ಯರ ಮರೆವಿನ ಅಂದಾಜು. ಯಾರು ಯಾವ ವಾಲ್ವ್ ಮರೆಯಬಹುದು, ಒಬ್ಬ ತಪ್ಪಿದರೆ ಅವನ ಹಿಂದೆಯೇ ಇನ್ನೊಬ್ಬನೂ ತಪ್ಪುವ ಸಂಭವ ಎಷ್ಟು...

ಆಗ ನಾನು ಜಿಲ್ಲಾ ವರದಿಗಾರ. ಟಿಕೋಟಾದಾಚೆ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರಿತು. ಒಣದ್ರಾಕ್ಷಿ ಪೆಟ್ಟಿಗೆ ಹೊರುತ್ತಿದ್ದ ಹೆಂಗಸರು ಓಡಿ ಪಾರಾದರು. ಯಂತ್ರದ ಕೋಣೆ ನೋಡಿಕೊಳ್ಳುತ್ತಿದ್ದವರು ಬಬಲೇಶ್ವರ ಕಡೆಯ ಅಣ್ಣ ತಮ್ಮ. ವಾಲ್ವ್ ಮುಚ್ಚುವುದು ಅಣ್ಣನ ಕೆಲಸ, ಮುಚ್ಚಿದೆಯೇ ಎಂದು ನೋಡುವುದು ತಮ್ಮನದು. ಯಂತ್ರದ ಹಳೆ ಎಣ್ಣೆ ಹೊರತೆಗೆಯುವ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ, ಅನಿಲ ಸೋರಿದ್ದು ಅಲ್ಲಿಂದ. ಅದನ್ನು ಮುಚ್ಚಲು ಒಳಗೆ ನುಗ್ಗಿದ ಅಣ್ಣ ಆಸ್ಪತ್ರೆ ಸೇರಿದ. ದಿನದ ಕೆಲಸ ಬರೆದಿಡುವ ಪುಸ್ತಕದಲ್ಲಿ ಮಾತ್ರ ವಾಲ್ವ್ ಮುಚ್ಚಿದೆ ಎಂದು ಇಬ್ಬರ ಸಹಿಯೂ ಇತ್ತು.

ಮರುದಿನ ನಾನು ಅಲ್ಲಿಗೆ ಹೊರಟಾಗ ಅಕ್ಕ, "ನಾನೂ ಬರ್ತೀನಿ ತಡಿ" ಎಂದು ಬೈಕ್ ಹತ್ತಿದರು.

ಕೋಲ್ಡ್ ಸ್ಟೋರೇಜಿನ ಮಾಲೀಕರಾದ ಸಾಹುಕಾರರು ಆ ತಮ್ಮನನ್ನು ಕೆಲಸದಿಂದ ತೆಗೆಯುವುದೆಂದು ನಿಶ್ಚಯಿಸಿಬಿಟ್ಟಿದ್ದರು. "ಅವ ಮರತಾನ, ಇವ ನೋಡಿಲ್ಲ. ನೋಡಾಕಂತ ಇಟ್ಟವನ ನೋಡಲಿಲ್ಲಂದ್ರ ಇವನ್ನ ಇಟ್ಕೊಂಡು ಏನ್ ಪೂಜಾ ಮಾಡ್ಲ್ಯಾ?" ಎಂದರು. ತಮ್ಮ ತಲೆ ತಗ್ಗಿಸಿ ನಿಂತಿದ್ದ.

ಅಕ್ಕ ಅವನನ್ನೇ ಕೇಳಿದರು. "ವಾಲ್ವ್ ಮುಟ್ಟಿ ನೋಡಿದ್ಯೇನಪಾ?"

"ಅಣ್ಣ ಮುಚ್ಚಿ ಸಹಿ ಮಾಡಿದ್ದನ್ರೀ ಅಕ್ಕಾರ. ಅದರ ಮ್ಯಾಲೆ ನಾ ಮತ್ತ ಮುಟ್ಟಿ ನೋಡೂದಂದ್ರ... ಅವನ ಮಾರಿಗೆ ಹೊಡದಂಗ ಆಕ್ಕೈತ್ರಿ."

"ಮತ್ತ ನೀ ಮಾಡಿದ್ದು ಅವ ನೋಡ್ತಾನೇನು?"

"ನೋಡೂದೇನ್ರಿ! ತಪ್ಪ ಸಿಗೂತನಕ ಬಿಡಂಗಿಲ್ಲ."

ಸಾಹುಕಾರರಿಗೂ ನಗು ಬಂತು. ಅಕ್ಕ ನಗಲಿಲ್ಲ. "ಹಂಗಾರ ಇನ್ನ ಮ್ಯಾಲೆ ತಮ್ಮ ಮುಚ್ಚಲಿ, ಅಣ್ಣ ನೋಡ್ಲಿ. ಸಾಹುಕಾರ್ರ, ಇವನ್ನ ತಗದ್ರ ನಾಳೆ ಬಂದವನೂ ದೊಡ್ಡವನ ಸಹಿ ನೋಡೇ ಸಹಿ ಹಾಕ್ತಾನ. ತಪ್ಪು ಎರಡಾಗಿಲ್ಲ್ರಿ, ಒಂದ ಆಗೈತಿ" ಎಂದರು.

ಸಾಹುಕಾರರು ಪುಸ್ತಕ ಮುಚ್ಚಿದರು. ತಮ್ಮನಿಗೆ, "ನಡೀಲೇ, ಒಳಗ ಹೋಗಿ ಕೆಲಸ ನೋಡು" ಎಂದರು.

ಪೂರ್ತಿ ಹತ್ತು ನಿಮಿಷವೂ ಆಗಿರಲಿಲ್ಲ. ಹತ್ತಾರು ಅವಘಡಗಳ ವರದಿ ಬರೆದವನು ನಾನು. ಎಲ್ಲದರಲ್ಲೂ ಯಾರ ನಿರ್ಲಕ್ಷ್ಯ ಎಂದಷ್ಟೇ ಕೇಳಿದ್ದೆ. ಮರ್ಯಾದೆಯ ದಾರಿ ಹಿಡಿದು ತಪ್ಪು ಒಬ್ಬನಿಂದ ಒಬ್ಬನಿಗೆ ದಾಟುವುದನ್ನು ಅವತ್ತು ಮೊದಲ ಸಲ ಕಂಡೆ. ಅದೇ ಮರ್ಯಾದೆಯನ್ನು ತಿರುಗಿಸಿ ಅಕ್ಕ ಕಾವಲಿಗೆ ನಿಲ್ಲಿಸಿದ್ದರು.

ವಾಪಸು ಬರುವಾಗ ಅಕ್ಕ ಬೈಕಿನ ಹಿಂದಿನಿಂದ ಹೇಳಿದರು: "ಒಬ್ಬ ನೂರಕ್ಕ ಒಂದ ಸಲ ತಪ್ತಾನಂದ್ರ, ಇಬ್ರೂ ಕೂಡಿ ತಪ್ಪೂದು ಹತ್ತ ಸಾವಿರಕ್ಕ ಒಂದ ಸಲ ಅಂತ ಕಾಗದದಾಗ ಬರೀತಾರ. ಎರಡನೇದವ ಮೊದಲನೇದವನ್ನ ನಂಬಿ ಕುಂತ್ರ, ಅದು ನೂರಕ್ಕ ಒಂದ ಉಳೀತೈತಿ." ಅವರ ಸ್ಥಾವರದಲ್ಲಿ ಅಂಥದ್ದೇನಾದರೂ ನಡೆದಿತ್ತೇ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಮಂಗಳವಾರ ಸಂಜೆ ಟಿಕೋಟಾಕ್ಕೆ ಫೋನ್ ಮಾಡಿದೆ. ಅಣ್ಣ ತಮ್ಮ ಇಬ್ಬರೂ ಅಲ್ಲೇ ಕೆಲಸದಲ್ಲಿದ್ದಾರೆ. ಈ ಹಂಗಾಮಿನಲ್ಲಿ ತಮ್ಮ ಒಂದು ಸಲ ವಾಲ್ವನ್ನು ಅರ್ಧ ಮುಚ್ಚಿ ಸಹಿ ಹಾಕಿದ್ದ. ಅಣ್ಣ ಮುಟ್ಟಿ ನೋಡಿ, ಬಿಗಿಯಾಗಿ ಮುಚ್ಚಿ, ಸಂಜೆಯವರೆಗೂ ಅವನನ್ನು ಬೈದ.