ಬೆಳೆಯುತ್ತಲೇ ಹೋದ ವಾಕರ್

ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಗಳಿಗೆ ತಗಡಿನ ಕೊಳವೆ ಮಾಡುತ್ತಿದ್ದ ಮೇಸ್ತ್ರಿ ನಮ್ಮ ಪಕ್ಕದ ಮನೆಯವರಾಗಿದ್ದರು. ಕಾಲಿಗೆ ಬಲವಿಲ್ಲದ ಪುಟ್ಟ ಮೊಮ್ಮಗಳಿಗೆ ಅವರೇ ಒಂದು ವಾಕರ್ ಮಾಡಿದ್ದರು. ಮಕ್ಕಳ ವೈದ್ಯಕೀಯ ಸಾಧನ ಕಂಡುಹಿಡಿದವರಿಗೆ ಸರ್ಕಾರದ ಅನುದಾನವಿದೆಯೆಂದು ನಾನೇ ಅರ್ಜಿ ಹಾಕಿಸಿದೆ. ಪರಿಶೀಲಿಸಲು ಬರುತ್ತೇವೆಂದವರು ವರ್ಷಗಟ್ಟಲೆ ಬರಲಿಲ್ಲ. ಹುಡುಗಿ ಬೆಳೆದಂತೆಲ್ಲ ಮೇಸ್ತ್ರಿ ವಾಕರಿನ ಕಾಲುಗಳಿಗೆ ಇನ್ನಷ್ಟು ಕೊಳವೆ ಬೆಸೆದು, “ಅವ್ರು ಬಂದಾಗ ಅಳತೆ ಸರಿಯಾಗಿರ್ಬೇಕು ಕಣ್ರೀ” ಎನ್ನುತ್ತಿದ್ದರು. ಅವಳು ವಾಕರ್ ಬಿಟ್ಟು ನಡೆಯತೊಡಗಿದ ಮೇಲೂ ಬೆಸುಗೆ ನಿಲ್ಲಲಿಲ್ಲ.

ಕೊನೆಗೊಮ್ಮೆ ವಯಸ್ಸಾದ ಅಧಿಕಾರಿಯೊಬ್ಬರು ಬಂದು ಕೂತು, “ಮಗು ಎಲ್ಲಿ?” ಎಂದರು.

“ನಾನೇ ಸಾರ್,” ಎಂದಳು, ಕಾಫಿ ತಂದುಕೊಟ್ಟ ಹುಡುಗಿ.

“ಹಾಗಾದ್ರೆ ಇದು ಮಕ್ಕಳ ಸಾಧನ ಅಲ್ಲ” ಎಂದು ಬರೆದುಕೊಂಡ ಅಧಿಕಾರಿ, ಮಂಡಿನೋವಿಗೆ ನರಳುತ್ತ ಅದೇ ವಾಕರ್ ಹಿಡಿದು ಎದ್ದು, ಅದನ್ನೂರಿಕೊಂಡೇ ಕಾರಿನವರೆಗೆ ನಡೆದರು.

ಮೇಸ್ತ್ರಿ ನನ್ನತ್ತ ಬಾಗಿದರು. “ಅಳತೆ ಸರಿಯಾಗೇ ಐತೆ ಕಣ್ರೀ.”