ಜಾಲಿ ಕಿತ್ತ ಹೊಲದ ಹುಲ್ಲು

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಇಟ್ಟಿಗಿಯಿಂದ ಹಲವಾಗಲಿಗೆ ಬರುವಾಗ ತವರಿನವರು ನನ್ನ ಜೊತೆ ಒಂದು ಎಮ್ಮೆಯನ್ನೂ ಕಳಿಸಿದರು. ಕರುವಾಗಿದ್ದಾಗಿನಿಂದ ನಾನೇ ಮೈ ತೊಳೆದು ಬೆಳೆಸಿದ ಎಮ್ಮೆ. ಮಾವನಿಗೆ ಅದನ್ನು ಕಂಡರೆ ತಲೆನೋವು.

"ಇದ್ದ ಎರಡು ಎತ್ತಿಗೇ ಮೇವಿಲ್ಲ. ದೀಪಾವಳಿಗೆ ಬಂದು ಹೊಡ್ಕೊಂಡು ಹೋಗಂತ ನಿಮ್ಮಣ್ಣಗ ಹೇಳಿ ಕಳಿಸೀನಿ" ಎಂದುಬಿಟ್ಟರು.

ನಾನೂ ಸುಮ್ಮನಿರುವವಳಲ್ಲ. "ಜಾಲಿ ಬೆಳೆದು ಬೀಳು ಬಿದ್ದ ಹೊಲ ಐತಲ್ರಿ ಮಾವ. ಅದನ್ನ ಹಸನ ಮಾಡಿ ಹುಲ್ಲು ಬೆಳಸ್ತೀನಿ" ಎಂದೆ.

ಮಾವ ನಕ್ಕರು. "ಅದರೊಳಗ ಮೊಲ ಹೊಕ್ರೂ ಮೈ ಗೀರ್ಕೊಂಡು ಬರ್ತೈತಿ. ಮಾಡವ್ವಾ, ಹುಲ್ಲು ಬಂದ್ರ ನೋಡೂಣು."

ಬೇಸಿಗೆಯಲ್ಲಿ ನಮ್ಮ ಮನೆಯವರು ಜಾಲಿ ಕಡಿದು ಬುಡ ಅಗೆದರು. ನಾನೂ ಅತ್ತೆಯೂ ಮುಳ್ಳುಕಂಪೆ ಎಳೆದು ಬದುವಿಗೆ ಒಟ್ಟಿದೆವು. ಅತ್ತೆ ಸೆರಗಿನ ಪಿನ್ನು ತೆಗೆದು ನನ್ನ ಅಂಗಾಲಿನ ಮುಳ್ಳು ಕೀಳುವರು, ಒಂದೊಂದು ಮುಳ್ಳಿಗೂ ಮಾವನನ್ನು ಬೈಯುವರು. ಹೊಲ ಬಯಲಾದದ್ದೇ ಮಾವನಿಗೂ ಹುರುಪು ಬಂತು. ಗೊಬ್ಬರವಾಗಲಿ ಎಂದು ಕುರಿಗಾರರಿಗೆ ಹೇಳಿ ಕುರಿಮಂದೆಯನ್ನು ರಾತ್ರಿ ಹೊತ್ತು ಅಲ್ಲೇ ತರುಬಿಸಿದರು. ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಆ ಕುರಿಗಳು ಬೇಸಿಗೆಯಿಡೀ ತಿಂದದ್ದು ಜಾಲಿಕಾಯಿ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಮೊದಲ ಮಳೆ ಬಿತ್ತು. ಹಿಕ್ಕೆ ಬಿದ್ದಲ್ಲೆಲ್ಲ ಜಾಲಿ ಸಸಿ! ನನಗೆ ಅಳುವೇ ಬಂತು. ಅತ್ತೆ ಮಾತ್ರ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು.

"ನಿಮ್ಮ ಮಾವ ಭಾಳ ಚಲೋ ಬಿತ್ಯಾರ ನೋಡವ್ವಾ! ಏಳು, ನೆಲ ಹಸಿ ಇದ್ದಾಗ ಕಿತ್ರ ಬೇರ್ ಸಮೇತ ಬರ್ತಾವು."

ಮಾವನೂ ಬಂದು ನಮ್ಮ ಪಕ್ಕದಲ್ಲೇ ಬಗ್ಗಿದರು. ಮಳೆಯಾದಾಗಲೆಲ್ಲ ಎಲ್ಲರೂ ಕಿತ್ತೆವು. ಕೊನೆಗೆ ಜಾಲಿ ಸೋತಿತು, ಹುಲ್ಲು ಮೊಣಕಾಲುದ್ದ ಎದ್ದಿತು. ಕೊಯ್ದು ಒಣಗಿಸಿ ಹಿತ್ತಲಲ್ಲಿ ಬಣವೆ ಒಟ್ಟಿದಾಗ ನನಗೆ ಹಿಡಿಸಲಾರದಷ್ಟು ಖುಷಿ. ಮಾವ ಮಾತ್ರ ಎಮ್ಮೆಯ ಸುದ್ದಿಯನ್ನೇ ಎತ್ತಲಿಲ್ಲ.

ದೀಪಾವಳಿಗೆ ಅಣ್ಣ ಗಾಡಿ ಕಟ್ಟಿಕೊಂಡು ಬಂದೇಬಿಟ್ಟ. ಕೈಯಲ್ಲಿ ಎಮ್ಮೆಗೆಂದು ತಂದ ಹೊಸ ಹಗ್ಗ. ಮಾವ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಹಿತ್ತಲಿಗೆ ನಡೆದರು. ಬಣವೆಯಿಂದ ಹುಲ್ಲು ಹಿರಿದು, ಅದೇ ಹಗ್ಗದಿಂದ ದೊಡ್ಡದೊಂದು ಹೊರೆ ಬಿಗಿದು, ತಂದು ಗಾಡಿಗೆ ಹಾಕಿದರು.

"ಅಷ್ಟು ದೂರದಿಂದ ಬಂದೀಯಪ್ಪಾ, ಇದನ್ನ ಒಯ್ಯಿ. ಎಮ್ಮಿ ನಮ್ಮ ಮನೀದು."